ಲೆವಿಟೌನ್ ಕಾದಂಬರಿ ಎಲ್ಲಿಗೆ ಬಂತು: ಅವಳು ಕಾಣೆ, ಬಟ್ಟೆ ಮಾತ್ರ ಹೊರಗೇ ಇದೆ

ಎರಡನೇ ಡ್ರಾಫ್ಟ್ ಅರ್ಧ ದಾಟ್ತು, ಅಬ್ಬಾ. ಕಥೆ 1955ರದ್ದು, ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನ ಲೆವಿಟೌನ್‌ನಲ್ಲಿ ಒಬ್ಬ ಗೃಹಿಣಿ ಶುಕ್ರವಾರ ಮಧ್ಯಾಹ್ನ ಕಾಣೆಯಾಗ್ತಾಳೆ, ಅಡುಗೆ ರೆಡಿ ಇದೆ, ಮಗು ಪಕ್ಕದ್ಮನೇಲಿ ಆಡ್ತಿದೆ, ಅವಳೊಬ್ಳೇ ಇಲ್ಲ. ನಾನಿರೋ ಹಿಕ್ಸ್‌ವಿಲ್‌ಗೆ ಅಂಟ್ಕೊಂಡೇ ಇರೋ ಊರು ಅದು, ಡೌಟ್ ಬಂದ್ರೆ ಕಾರ್ ತಗೊಂಡು ಹೋಗಿ ಬೀದಿ ನೋಡ್ಕೊಂಡು ಬರ್ತೀನಿ, ಆದ್ರೆ ಜನ ಮನೆಗಳನ್ನ ಎಷ್ಟು ಬದಲಾಯಿಸಿದಾರೆ ಅಂದ್ರೆ ಹಳೇ ರೂಪದ್ದು ಸಿಗೋದೇ ಕಷ್ಟ.

ಈ ಸಲ ಪೂರ್ತಿ ತಲೆ ತಿಂದಿದ್ದು ಮನೇನೇ. 1947ರಿಂದ 1951ರೊಳಗೆ ಆಲೂಗಡ್ಡೆ ಹೊಲದ ಮೇಲೆ 17,000ಕ್ಕೂ ಹೆಚ್ಚು ಮನೆ ಎದ್ವು, ಮೊದಲನೇ ಮಾಡೆಲ್ ಬರೀ 750 ಚದರಡಿ, ಎರಡು ಬೆಡ್‌ರೂಮು, ಬೇಸ್‌ಮೆಂಟೇ ಇಲ್ಲ! ಕ್ರೈಂ ಬರೆಯೋರಿಗೆ ಬೇಸ್‌ಮೆಂಟ್ ಅಂದ್ರೆ ಪಿತ್ರಾರ್ಜಿತ ಆಸ್ತಿ ಇದ್ದಂಗೆ, ಇಲ್ಲಿ ಅದಕ್ಕೂ ಕಲ್ಲು. ಹೆಣ ಹೂತಿಡೋಕೆ ನೆಲ ಅಗೆಯೋಣ ಅಂದ್ರೆ ಕಾಂಕ್ರೀಟ್ ಒಳಗೇ ಮನೆ ಬೆಚ್ಚಗಿಡೋ ಬಿಸಿನೀರಿನ ಪೈಪ್ ಹೋಗಿದೆ, ಒಂದು ಪೈಪ್ ಒಡೆದ್ರೂ ಮನೆಯೆಲ್ಲಾ ತಣ್ಣಗಾಗತ್ತೆ. ಇದನ್ನೇ ಡಿಟೆಕ್ಟಿವ್ ಕೈಲಿ ಪರೀಕ್ಷೆ ಮಾಡಿಸಿದೀನಿ, ಶೂ ಬಿಚ್ಚಿ ಬರಿಗಾಲಲ್ಲಿ ಇಡೀ ಮನೆ ನಡೀತಾನೆ, ನೆಲ ಎಲ್ಲಾ ಕಡೆ ಬೆಚ್ಚಗಿದೆ, ಅಲ್ಲಿಗೆ ಆ ಅನುಮಾನ ಮುಗೀತು. ಈ ಸೀನ್ ನಂಗೆ ಸಖತ್ ಇಷ್ಟ.

ಇನ್ನು ಅಡುಗೆಮನೆ ಕಿಟಕಿ ಬೀದಿ ಕಡೆಗೆ, ಬೇಲಿ ಹಾಕಂಗಿಲ್ಲ, ಅಂಥ ಊರಲ್ಲಿ ಒಬ್ಳು ಹಾಡಹಗಲೇ ಮಾಯ ಆಗೋದು ಹೆಂಗೆ? ಅಲ್ಲಿ ಇನ್ನೊಂದು ರೂಲ್ ಇತ್ತು, ವೀಕೆಂಡ್‌ನಲ್ಲಿ ಬಟ್ಟೆ ಹೊರಗೆ ಒಣಗಾಕಂಗಿಲ್ಲ. ಶನಿವಾರ ಬೆಳಿಗ್ಗೆ ಅಕ್ಕಪಕ್ಕದೋರು ಮೊದ್ಲು ಮಾತಾಡೋದು ಅವಳ ಬಗ್ಗೆ ಅಲ್ಲ, ಒಣಗಾಕಿರೋ ಬಟ್ಟೆ ಬಗ್ಗೆ. ಭಾನುವಾರ ನೋಡಿದ್ರೆ ಬಟ್ಟೆ ಇಲ್ಲ, ಗಂಡ ನಾನು ತೆಗೆದಿಲ್ಲ ಅಂತಾನೆ. ಯಾರು ತೆಗೆದ್ರು ಅನ್ನೋದೇ ಪುಸ್ತಕ, ಹೇಳಲ್ಲ.

ಪೊಲೀಸರ ಅನುಮಾನ, ಅವಳು ಡಿವೋರ್ಸ್‌ಗೆ ಅಂತ ನೆವಾಡಾ ರಾಜ್ಯದ ರೀನೋ ಊರಿಗೆ ಹೋಗಿರ್ಬೇಕು ಅಂತ. 1966ರಲ್ಲಿ ಕಾನೂನು ಬದಲಾಗೋವರೆಗೂ ನ್ಯೂಯಾರ್ಕ್‌ನಲ್ಲಿ ಡಿವೋರ್ಸ್‌ಗೆ ವ್ಯಭಿಚಾರ ಒಂದೇ ಕಾರಣ, ಅದಕ್ಕೇ ದುಡ್ಡಿದ್ದೋರು ನೆವಾಡಾಗೆ ಹೋಗಿ 6 ವಾರ ಉಳ್ಕೊಂಡು ಅಲ್ಲಿಂದ ಡಿವೋರ್ಸ್ ತಗೋತಿದ್ರು. ಆದ್ರೆ ಇವಳ ಹತ್ರ ದುಡ್ಡೆಲ್ಲಿಂದ ಬರ್ಬೇಕು, ಮನೆಖರ್ಚಿಗೆ ಗಂಡ ಎಣಿಸಿ ಕೊಟ್ಟಿದ್ದಷ್ಟೇ. ಆ ಅಧ್ಯಾಯ ಇನ್ನೂ ಸಪ್ಪೆ, ತಿದ್ಬೇಕು.

ಹೊಸದಾಗಿ ಸೇರಿದ್ದು ವಾಷಿಂಗ್ ಮೆಷಿನ್ ರಿಪೇರಿಯವನು, ಕಪ್ಪು ಜನಾಂಗದ ಮಾಜಿ ಸೈನಿಕ. ಅಲ್ಲಿನ ಗಂಡಸರು ಹೋಗಿದ್ದ ಎರಡನೇ ಮಹಾಯುದ್ಧಕ್ಕೇ ಹೋಗಿ ಬಂದೋನು, ಆದ್ರೆ ಲೆವಿಟೌನ್‌ನಲ್ಲಿ ಅವನಿಗೆ ಮನೆ ಕೊಡ್ತಿರ್ಲಿಲ್ಲ, ಶುರುವಿನ ಕರಾರುಗಳಲ್ಲೇ ಬಿಳಿಯರಿಗೆ ಮಾತ್ರ ಅಂತ ಬರೆದಿತ್ತು, ಮನೆಗೆಲಸದೋರು ಬೇರೆಯವರಾದ್ರೆ ಪರವಾಗಿಲ್ಲವಂತೆ! ಇಂಥ ಕರಾರನ್ನ ಕೋರ್ಟು ಜಾರಿ ಮಾಡಂಗಿಲ್ಲ ಅಂತ 1948ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ರೂ ಮನೆ ಕಟ್ಟಿದ ಕಂಪನಿ ಬದಲಾಗ್ಲಿಲ್ಲ. ಆಗ ನಂಗೂ ಅಲ್ಲಿ ಮನೆ ಸಿಗ್ತಿರ್ಲಿಲ್ಲ ಬಿಡಿ. ಶುಕ್ರವಾರ ಅವಳನ್ನ ಕೊನೇದಾಗಿ ನೋಡಿದ್ದು ಇವನೇ, ಆದ್ರೆ ಪೊಲೀಸರು ಇವನನ್ನ ಒಂದು ಮಾತೂ ಕೇಳಲ್ಲ.

ಯಾರ ಹತ್ರಾದ್ರೂ 1955ರ ಲಾಂಗ್ ಐಲೆಂಡ್ ರೈಲಿನ ಟೈಮ್‌ಟೇಬಲ್ ಇದ್ರೆ ತಿಳಿಸಿ, ಗಂಡನ ಅಲಿಬಿ (ಆ ಹೊತ್ತಲ್ಲಿ ಅಲ್ಲಿರ್ಲಿಲ್ಲ ಅನ್ನೋ ಸಾಕ್ಷಿ) ಸಂಜೆ ಟ್ರೇನ್ ಮೇಲೇ ನಿಂತಿದೆ.