ಹಿನ್ನೀರಿನ ಗೆರೆಗಳು

ಮೇ ತಿಂಗಳ ಕೊನೆ. ಹೊಳೆಬಾಗಿಲಿನ ಹತ್ತಿರ ಶರಾವತಿ ಹಿನ್ನೀರಿನ ದಂಡೆಯಲ್ಲಿ ಚಿತ್ರ ಬರೆಯಲು ಬೆಳಿಗ್ಗೆ ಆರೂವರೆಗೇ ಈಸೆಲ್ ನಿಲ್ಲಿಸಿದ್ದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಈ ಕಣಿವೆಯ ಎಷ್ಟೋ ಊರುಗಳು ಮುಳುಗಿದವು. ದೊಡ್ಡಪ್ಪ ಹುಟ್ಟಿದ ಮನೆಯೂ ಹೋಯಿತು. ಬೇಸಿಗೆಯಲ್ಲಿ ನೀರು ಇಳಿದರೆ ಸತ್ತ ಮರಗಳ ಬೊಡ್ಡೆಗಳು ಮೇಲೆ ಕಾಣುತ್ತವೆ. ಇಳಿಯುವ ನೀರು ದಂಡೆಯ ಕೆಂಪು ಮಣ್ಣಿನಲ್ಲಿ ಮೆಟ್ಟಿಲಿನ ಹಾಗೆ ಗೆರೆಗಳನ್ನು ಬಿಟ್ಟುಹೋಗುತ್ತದೆ.

ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಇಡೀ ಕ್ಯಾನ್ವಾಸಿಗೆ ಬಳಿದೆ. ತೈಲಚಿತ್ರದಲ್ಲಿ ಅಡಿಯ ಪದರಕ್ಕೆ ಎಣ್ಣೆ ಕಡಿಮೆ ಇರಬೇಕು, ಮೇಲೆ ಹೋದ ಹಾಗೆ ಜಾಸ್ತಿ. ತಿರುಗುಮುರುಗಾದರೆ ಮೇಲಿನದು ಮೊದಲು ಒಣಗುತ್ತದೆ, ಆಮೇಲೆ ಬಿರುಕು ಬಿಡುತ್ತದೆ.

ಹತ್ತು ಗಂಟೆಗೆ ಆಕಾಶ, ಗುಡ್ಡ, ನೀರು, ಹನ್ನೊಂದು ಬೊಡ್ಡೆ ಎಲ್ಲವೂ ಕ್ಯಾನ್ವಾಸಿನ ಮೇಲಿದ್ದವು. ಅಳತೆಯೂ ಸರಿಯಿತ್ತು. ಆದರೂ ನನಗೆ ಬೇಜಾರಾಯಿತು. ಎಷ್ಟು ಚೆಂದದ ಜಾಗ ಅನ್ನಿಸುವ ಚಿತ್ರ ಅದು. ಅಡಿಯಲ್ಲಿ ಊರಿದೆ ಅನ್ನುವುದು ಅದರಲ್ಲಿ ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ದೊಡ್ಡಪ್ಪ ಬುತ್ತಿ ತಂದರು. ಬೊಡ್ಡೆಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ದಂಡೆಯ ಗೆರೆಗಳ ಮೇಲೆ ಕೈ ಓಡಿಸಿದರು. "ಆ ದಪ್ಪ ಗೆರೆ ಇದೆಯಲ್ಲ, ಅಲ್ಲೇ ನಮ್ಮ ಕೊಟ್ಟಿಗೆ. ಅದರ ಕೆಳಗೆ ಮನೆ. ತೋಟ, ಗದ್ದೆ ಎಲ್ಲ ನೀರೊಳಗೆ." ಊರು ಬಿಟ್ಟಾಗ ಅವರಿಗೆ ಎಂಟು ವರ್ಷ.

ಅವರು ಹೋದ ಮೇಲೆ ಪ್ಯಾಲೆಟ್ ನೈಫ್ ತೆಗೆದುಕೊಂಡು ಬೊಡ್ಡೆಗಳನ್ನು ಒಂದೊಂದಾಗಿ ಕೆರೆದೆ. ಎಣ್ಣೆ ಬಣ್ಣ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಹಾಗಾಗಿ ಕೆರೆಯುವುದಕ್ಕೆ ಬೇಕಾದಷ್ಟು ಸಮಯವಿತ್ತು. ಗುಡ್ಡವೂ ಹೋಯಿತು, ಆಕಾಶವೂ ಹೋಯಿತು. ಕೆರೆದಲ್ಲೆಲ್ಲ ಅಡಿಯ ಕೆಂಪು ಮಸುಕಾಗಿ ಎದ್ದಿತು. ಅದರ ಮೇಲೆ ಅಡ್ಡ ಪಟ್ಟೆಗಳನ್ನಷ್ಟೇ ಎಳೆದೆ. ಕೆಂಪು, ಬೂದಿ, ಮತ್ತೆ ಕೆಂಪು. ಕೊನೆಗೆ, ತಳದಲ್ಲಿ, ಕಪ್ಪಿಗೆ ಹತ್ತಿರದ ಹಸಿರು.

ಚಿತ್ರಕಾರ ರಾಮ್ ಕುಮಾರ್ ನೆನಪಾದರು. 1960ರಲ್ಲಿ ಇನ್ನೊಬ್ಬ ಚಿತ್ರಕಾರ ಎಂ.ಎಫ್. ಹುಸೇನ್ ಜೊತೆ ವಾರಣಾಸಿಗೆ ಹೋಗಿ ಬಂದ ಮೇಲೆ ಅವರ ಚಿತ್ರಗಳಿಂದ ಮನುಷ್ಯರು ಮರೆಯಾದರು. ಬರಬರುತ್ತಾ ಮನೆಗಳೂ ಕರಗಿ ಬಣ್ಣದ ತುಂಡುಗಳಾದವು. ಅವನ್ನು ನೋಡುವಾಗ ಊರು ಕಾಣೆಯಾಗಿದೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಅಮೂರ್ತ ಚಿತ್ರ ಅಂದರೆ ಮನಸ್ಸಿಗೆ ಬಂದ ಹಾಗೆ ಬಣ್ಣ ಬಳಿಯುವುದು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಆ ದಿನ ಒಂದು ಪಟ್ಟೆಯ ದಪ್ಪ ಎಷ್ಟಿರಬೇಕು ಅನ್ನುವುದಕ್ಕೇ ಒಂದು ಗಂಟೆ ಹಿಡಿಯಿತು.

ಜೂನ್‌ನಲ್ಲಿ ಮಳೆ ಹಿಡಿಯಿತು. ತಂಡಿಗೆ ಬಣ್ಣ ಒಣಗುವುದು ಇನ್ನೂ ತಡವಾಯಿತು. ಬಿಳಿ ಬೆರೆಸಿದ ಕಡೆ ಮೂರು ವಾರವಾದರೂ ಬೆರಳಿಗೆ ಅಂಟುತ್ತಿತ್ತು. ಆಗ ಒಂದು ಸಂಜೆ ದೊಡ್ಡಪ್ಪ ಬಂದು ಚಿತ್ರದ ಮುಂದೆ ಸುಮ್ಮನೆ ನಿಂತರು. ಇದೇನು ಅಂತ ಕೇಳಲೇ ಇಲ್ಲ. ಮೇಲಿನಿಂದ ಗೆರೆ ಎಣಿಸುತ್ತಾ ಬಂದು, "ಕೊಟ್ಟಿಗೆ ಕೆಳಗೆ ಇನ್ನೊಂದು ಇತ್ತಲ್ವಾ?" ಅಂದರು.

ಮಾರನೆಯ ದಿನ ಅಗಸೆ ಎಣ್ಣೆ ಸ್ವಲ್ಪ ಜಾಸ್ತಿ ಬೆರೆಸಿ ಆ ಗೆರೆ ಎಳೆದೆ.