ಮೊನಾಡ್ನಾಕ್ ಮಾದರಿ, 1:200: ಗೋಡೆ ಮುಗಿಯಿತು, ಮೂಲೆ ಬಾಕಿ

ಕಟ್ಟುತ್ತಿರುವುದು ಶಿಕಾಗೋದ ಲೂಪ್ ಪ್ರದೇಶದ ಮೊನಾಡ್ನಾಕ್ ಕಟ್ಟಡದ ಉತ್ತರದ ಅರ್ಧ ಮಾತ್ರ. ವಾಸ್ತುಶಿಲ್ಪಿಗಳಾದ ಬರ್ನ್‌ಹ್ಯಾಮ್ ಮತ್ತು ರೂಟ್ ಜೋಡಿಯ ಈ ಭಾಗ 1891ರದು. 16 ಅಂತಸ್ತು, ಸುಮಾರು 66 ಮೀಟರ್ ಎತ್ತರ. ಹೊರಗೋಡೆಯ ಇಟ್ಟಿಗೆಯೇ ಭಾರ ಹೊರುತ್ತದೆ. ಇನ್ನೊಂದು ವಾಸ್ತುಶಿಲ್ಪಿ ಜೋಡಿ ಹೋಲಾಬರ್ಡ್ ಮತ್ತು ರೋಷ್ 1893ರಲ್ಲಿ ಮುಗಿಸಿದ ದಕ್ಷಿಣದ ಅರ್ಧ ಉಕ್ಕಿನ ಚೌಕಟ್ಟಿನದು. ಅದನ್ನು ಕೈಬಿಟ್ಟದ್ದರಿಂದ ಮಾದರಿಯ ಆ ಕೊನೆಯನ್ನು ಮುಚ್ಚದೆ ಬಿಡಬಹುದು, ಗೋಡೆಯ ದಪ್ಪ ಕೊಯ್ದಿಟ್ಟ ಹಾಗೆ ಕಾಣುತ್ತದೆ.

ನಿಜದಲ್ಲಿ ಗೋಡೆ ಬುಡದಲ್ಲಿ 6 ಅಡಿ, ತುದಿಯಲ್ಲಿ 18 ಇಂಚು. ಮಾದರಿಯಲ್ಲಿ 9 ಮತ್ತು 2.3 ಮಿ.ಮೀ. ಮೊದಲು 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಳೆಗಳನ್ನು ಒಂದರ ಮೇಲೊಂದು ಪೇರಿಸುವ ಲೆಕ್ಕವಿತ್ತು: 330 ಮಿ.ಮೀ.ಗೆ 110 ಹಾಳೆ. ಅಳೆದರೆ ಹಾಳೆ 2.8 ಮಿ.ಮೀ. ಮಾತ್ರ, ಒಟ್ಟು 22 ಮಿ.ಮೀ. ಗಿಡ್ಡ, ಅಂದರೆ ಒಂದು ಅಂತಸ್ತೇ ಮಾಯ. ಆ ದಾರಿ ಬಿಟ್ಟು 2 ಮಿ.ಮೀ. ಗ್ರೇಬೋರ್ಡ್ (ಬೂದು ಬಣ್ಣದ ದಪ್ಪ ರಟ್ಟು) ನಿಲ್ಲಿಸಿದ್ದಾಯಿತು. ಹೊರಪದರ ಪೂರ್ತಿ ಎತ್ತರ. ಒಳಗಿನ ಮೂರು ಪದರಗಳು 5, 9, 13ನೇ ಅಂತಸ್ತಿಗೆ ನಿಲ್ಲುತ್ತವೆ. ಕಿಟಕಿಗಳನ್ನು ಪ್ರತಿ ಪದರದಲ್ಲೂ ಅಂಟಿಸುವ ಮೊದಲೇ ಕತ್ತರಿಸಬೇಕು, 8 ಮಿ.ಮೀ. ದಪ್ಪಕ್ಕೆ ಒಟ್ಟಿಗೆ ಬ್ಲೇಡ್ ಹಾಕಿದರೆ ಅದು ವಾಲಿ ಒಳಗಿನ ಕಂಡಿ ಹಿಗ್ಗುತ್ತದೆ. ಪದರಗಳು ಜಾರದಂತೆ ನಾಲ್ಕು ಮೂಲೆಗೂ ಟೂತ್‌ಪಿಕ್ ಗೂಟ.

ಫೆವಿಕಾಲ್ ದಪ್ಪಗೆ ಬಳಿದ ಪೂರ್ವದ ಗೋಡೆ ಬಿಲ್ಲಿನಂತೆ ಬಾಗಿತು. ನೀರು ಕುಡಿದ ಬೋರ್ಡು ಹಿಗ್ಗಿ, ಒಣಗುವಾಗ ಒಂದೇ ಕಡೆ ಎಳೆಯುತ್ತದೆ. ಎರಡನೇ ಸಲ ತೆಳುವಾಗಿ ಬಳಿದು, ಪದರಗಳ ಎಳೆಯನ್ನು (ರಟ್ಟಿನ ನಾರು ಓಡುವ ದಿಕ್ಕು) ಅಡ್ಡ-ಉದ್ದ ಬದಲಿಸಿ, 12 ಗಂಟೆ ಭಾರ ಹೇರಿದ ಮೇಲೆ ನೆಟ್ಟಗೆ ನಿಂತಿದೆ.

ಬುಡದಲ್ಲಿ ಗೋಡೆ ಹೊರಕ್ಕೆ ಹರಡಿಕೊಳ್ಳುತ್ತದೆ, ಈಜಿಪ್ಟಿನ ದೇಗುಲದ ಹೆಬ್ಬಾಗಿಲ ಹಾಗೆ. ನಾಲ್ಕು ಪದರಗಳ 8 ಮಿ.ಮೀ. ಕಳೆದು ಬುಡದ 9ರಲ್ಲಿ ಉಳಿದ 1 ಮಿ.ಮೀ. ಅಲ್ಲಿಂದ ಬರುತ್ತದೆ. ಇದಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾರ್ಡು, ಎಳೆ ಗೋಡೆಯ ಉದ್ದಕ್ಕೇ ಇರಲಿ. ಅಡ್ಡ ಎಳೆಯಾದರೆ ತಿರುವಿನಲ್ಲಿ ಸೀಳುತ್ತದೆ. ಅಲಂಕಾರವಿಲ್ಲದ ಕಟ್ಟಡ, ಹಾಗಾಗಿ ಸುಲಭ ಎಂದುಕೊಂಡರೆ ಕೆಟ್ಟಿರಿ. ತಪ್ಪು ಮುಚ್ಚಲು ಒಂದು ಹೂಬಳ್ಳಿಯೂ ಸಿಗುವುದಿಲ್ಲ.

ಇಟ್ಟಿಗೆ ಸಾಲು ಗೀರುವುದು ಬೇಡ. ಈ ಅಳತೆಗೆ ಒಂದು ಸಾಲು 0.4 ಮಿ.ಮೀ.ಗೂ ಕಡಿಮೆ; ಗೀರಿದರೆ ಇಟ್ಟಿಗೆಗಳು ಬಂಡೆಗಳಂತೆ ಕಾಣುತ್ತವೆ. ರೆಡ್ ಆಕ್ಸೈಡ್‌ಗೆ ಚಿಟಿಕೆ ನೀಲಿ, ಚಿಟಿಕೆ ಕಪ್ಪು ಬೆರೆಸಿದರೆ ಆ ನೇರಳೆ ಛಾಯೆಯ ಕಂದು ಸಿಗುತ್ತದೆ.

ಈಗ ಮೂಲೆಗಳು. ಬುಡದಲ್ಲಿ ಚೂಪಾಗಿ, ಮೇಲೇರಿದಂತೆ ಅಂಚು ಸವೆದು ಅಗಲವಾಗಬೇಕು. 10 ಮಿ.ಮೀ. ಬಾಲ್ಸಾ (ತುಂಬ ಹಗುರವಾದ ಮರ) ಕೋಲಿನಲ್ಲಿ ಕೆಳಗೆ ಸೊನ್ನೆ, ಮೇಲೆ 3 ಮಿ.ಮೀ. ಗುರುತು ಹಾಕಿ, ವಿ ಆಕಾರದ ತೋಡಿನಲ್ಲಿ ಕೂರಿಸಿ 240ರ ಉಪ್ಪುಕಾಗದದಿಂದ ಉಜ್ಜುವುದು. ಕೈಯಲ್ಲಿ ಹಿಡಿದು ಉಜ್ಜಿದ ಮೊದಲ ಕೋಲು ಅಲೆಯಲೆಯಾಗಿ ಕಸಕ್ಕೆ ಹೋಯಿತು.

ಆಮೇಲೆ ಕಾಲುದಾರಿ. ಮೆದುಮಣ್ಣಿನಲ್ಲಿ ಕಟ್ಟಡ ಸುಮಾರು 20 ಇಂಚು ಕುಸಿದಿದೆ. ಹಾಗಾಗಿ ಕಾಲುದಾರಿಯ ಕಾರ್ಡು ಬಾಗಿಲ ನೆಲಕ್ಕಿಂತ 2.5 ಮಿ.ಮೀ. ಮೇಲೆ ಬರುತ್ತದೆ.