ಪೀಪಾಯಿಯೊಳಗಿನ ತೊತೊ

ಭಾನುವಾರದಿಂದ ಆ ಕೈ ಕಣ್ಣ ಮುಂದಿಂದ ಹೋಗ್ತಿಲ್ಲ. ಹಿಟ್ಟು ಮೆತ್ತಿದ್ದ ಕೈ, ನನ್ನ ಫೋನಿನ ಮೇಲೆ ಪಟ್ ಅಂತ ಬಿತ್ತು.

ಇಟಲಿಯ ಟ್ಯೂರಿನ್‌ನಲ್ಲಿ ನನ್ನ ಕೆಳಗಿನ ಮನೆಯ ಅಜ್ಜಿ ನೇಪಲ್ಸ್‌ನವರು. ಟ್ಯೂರಿನ್ ಕಾಫಿಯನ್ನು ಬೈಯದೆ ಅವರಿಗೆ ದಿನ ಕಳೆಯಲ್ಲ. ನಾನು ಇಂಡಿಯಾದವನು ಅಂತ ಗೊತ್ತಾದಾಗ ‘ಸಾಂದೋಕಾನ್!’ ಅಂತ ಕೂಗಿದ್ದರು. 1976ರಲ್ಲಿ ಕಬೀರ್ ಬೇಡಿ ಇಲ್ಲಿನ ಟಿವಿಯಲ್ಲಿ ಮಾಡಿದ ಕಡಲ್ಗಳ್ಳನ ಪಾತ್ರ ಅದು. ನನ್ನ ಮುಖ ನೋಡಿ ಎಷ್ಟು ನಿರಾಸೆ ಆಯ್ತೋ ಪಾಪ.

ಮೊನ್ನೆ ಅವರು ಹಾಕಿದ್ದೂ ಕಡಲ್ಗಳ್ಳರ ಸಿನಿಮಾನೇ. 1964ರದು, ಹೆಸರು ‘ಕರಿ ಕಡಲ್ಗಳ್ಳನ ಎದುರು ತೊತೊ’. ತೊತೊ ಅಂದರೆ ಅಜ್ಜಿಯ ಊರಿನವನೇ ಆದ ಹಾಸ್ಯನಟ. ಕಾವಲಿನವರಿಂದ ತಪ್ಪಿಸಿಕೊಳ್ಳೋಕೆ ಪೀಪಾಯಿಯೊಳಗೆ ಅವಿತ ಪುಡಿಗಳ್ಳ, ಪೀಪಾಯಿ ಸಮೇತ ಕಡಲ್ಗಳ್ಳರ ಹಡಗು ಸೇರ್ತಾನೆ. ಕಥೆ ಮಧ್ಯೆ ಮಧ್ಯೆ ತೂಕಡಿಸುತ್ತೆ. ಆದರೆ ಆ ಸೊಟ್ಟ ಗದ್ದ! ನಮಗೆ ನರಸಿಂಹರಾಜು ಹಲ್ಲು ಕಂಡರೆ ಸಾಕಿತ್ತಲ್ಲ, ಇವರಿಗೆ ಆ ಗದ್ದ.

ನಗ್ತಾ ನಗ್ತಾನೇ, ಅಭ್ಯಾಸಬಲ, ಫೋನ್ ತೆಗೆದೆ. 1957ರಲ್ಲಿ ನಾಟಕದ ತಿರುಗಾಟದಲ್ಲಿದ್ದಾಗಲೇ ತೊತೊನ ದೃಷ್ಟಿ ಬಹುಪಾಲು ಹೋಗಿತ್ತು. ಆಮೇಲಿನದೆಲ್ಲ ಕಪ್ಪು ಕನ್ನಡಕದ ಬದುಕು. ಶಾಟ್ ಶುರುವಾಗುವಾಗ ಮಾತ್ರ ತೆಗೀತಿದ್ದ. ಕಷ್ಟದ ಓಡಾಟಕ್ಕೆ ದೀನೋ ವಾಲ್ದಿ ಅನ್ನೋ ಡೂಪ್.

‘ಸಿನ್ಯೋರಾ, ಇವನಿಗೆ ಕಣ್ಣೇ ಕಾಣ್ತಿರಲಿಲ್ವಂತೆ!’ ಅಂದೆ, ನಾನೇ ಕಂಡುಹಿಡಿದವನ ಹಾಗೆ.

ಆಗ ಬಿತ್ತು ಕೈ. ‘ಗೊತ್ತು. ನೀನು ಕತ್ತಿ ನೋಡು.’

ನೋಡಿದೆ, ಕತ್ತಿ ಕಾಣಲಿಲ್ಲ. ಇದು ತೊತೊನೋ ಡೂಪೋ? ಆ ಕಾಲು ಹಲಗೆ ತಡಕ್ತಿದೆಯಾ? ಅಜ್ಜಿ ಸೋಫಾ ಕುಲುಕೋ ಹಾಗೆ ನಗ್ತಿದ್ದರೆ, ನಾನು ಪಕ್ಕದಲ್ಲಿ ಸಾವಿನ ಮನೆಗೆ ಬಂದವನ ಥರ ಕೂತಿದ್ದೆ. ಅಷ್ಟು ಕಷ್ಟಪಟ್ಟು ಅವನು ತೆಗೆದಿಟ್ಟ ಕನ್ನಡಕಾನ ನಾನು ಮತ್ತೆ ಅವನ ಮೂಗಿಗೇರಿಸಿದ್ದೆ.

ಕಳೆದ ವಾರ ಅಪ್ಪ ವಿಡಿಯೋ ಕಾಲ್‌ನಲ್ಲಿ ಬ್ಯಾಂಕ್ ಕ್ಯೂನಲ್ಲಿ ನಡೆದ ಯಾವುದೋ ತಮಾಷೆ ಹೇಳ್ತಿದ್ದರು. ಇನ್ನೇನು ನಗು ಬರಬೇಕು, ನಾನು ‘ಮಾತ್ರೆ ತಗೊಂಡ್ರಾಪ್ಪ?’ ಅಂದಿದ್ದೆ. ಅವರು ಸುಮ್ಮನಾಗಿ, ‘ಹ್ಞೂಂ, ತಗೊಂಡೆ’ ಅಂದರು. ತಮಾಷೆ ಅರ್ಧಕ್ಕೇ ನಿಂತಿತು. ನಾನೂ ಆಮೇಲೆ ಕೇಳಲಿಲ್ಲ.

ಸಿನಿಮಾ ಮುಗಿದ ಮೇಲೆ ಅಜ್ಜಿ ನನ್ನ ಮುಖ ನೋಡಿದರು. ‘ಅವನು 1967ರಲ್ಲಿ ಸತ್ತಾಗ ಮೂರು ಸಲ ಅಂತ್ಯಕ್ರಿಯೆ ಆಯ್ತು. ರೋಮ್‌ನಲ್ಲೊಂದು, ನಮ್ಮೂರಲ್ಲೆರಡು. ಮೂರನೇ ಸಲ ಪೆಟ್ಟಿಗೆ ಖಾಲಿ. ಅಳೋದೆಲ್ಲ ನಾವು ಆಗಲೇ ಅತ್ತು ಮುಗಿಸಿದೀವಿ.’

ರಿಮೋಟ್ ಹುಡುಕಿ, ಪೀಪಾಯಿ ಬರೋವರೆಗೂ ಹಿಂದಕ್ಕೆ ಓಡಿಸಿದರು. ನನ್ನ ಫೋನ್ ಅವರ ಏಪ್ರನ್ ಜೇಬಿನಲ್ಲಿತ್ತು.